ಬ್ರಿಟನ್ನಿನ ಕಾರ್ಮಿಕ ಚಳವಳಿ ಮತ್ತು ಸರ್ಕಾರಗಳ ಬದಲಾವಣೆ

ಬ್ರಿಟನ್ನಿನಲ್ಲಿ ಮುಷ್ಕರದ ಹಕ್ಕನ್ನು ಕಾಯುವ ಲಿಖಿತ ಸಂವಿಧಾನವಿಲ್ಲ. ಕಾರ್ಮಿಕ ಸಂಘಗಳಿಗಿರುವ ರಕ್ಷಣೆ ಪಾರ್ಲಿಮೆಂಟಿನ ಸಾಮಾನ್ಯ ಕಾಯಿದೆಗಳಿಂದ ಬಂದದ್ದು. ಬಹುಮತವುಳ್ಳ ಯಾವ ಸರ್ಕಾರವೂ ಅದನ್ನು ತಿದ್ದಬಹುದು, ತೆಗೆದುಹಾಕಬಹುದು. ಹಾಗಾಗಿ ಸರ್ಕಾರ ಬದಲಾದಾಗ ಹಲವು ಬಾರಿ ದುಡಿಯುವವರ ಬಲಾಬಲವೂ ಬದಲಾಗಿದೆ.

ಆರಂಭದ ಘಟ್ಟ: ಮುಷ್ಕರದಿಂದಾದ ನಷ್ಟಕ್ಕೆ ಸಂಘವೇ ಹೊಣೆ ಎಂದು 1901ರ ಟ್ಯಾಫ್ ವೇಲ್ ತೀರ್ಪು ಸಾರಿತು. 1906ರಲ್ಲಿ ಗೆದ್ದ ಲಿಬರಲ್ ಸರ್ಕಾರ ಅದೇ ವರ್ಷ ಕಾಯಿದೆ ತಂದು ಸಂಘಗಳನ್ನು ಆ ಹೊಣೆಯಿಂದ ಬಿಡಿಸಿತು. ಇದೇ ಬಗೆಯ ರಕ್ಷಣೆ ಭಾರತದ 1926ರ ಕಾರ್ಮಿಕ ಸಂಘಗಳ ಕಾಯಿದೆಯಲ್ಲೂ ಸೇರಿತು. ಬ್ರಿಟನ್ನಿನಲ್ಲಿ 1926ರ ಸಾರ್ವತ್ರಿಕ ಮುಷ್ಕರ ಸೋತ ಮರುವರ್ಷ ಬಾಲ್ಡ್ವಿನ್ನರ ಕನ್ಸರ್ವೇಟಿವ್ ಸರ್ಕಾರ ಸಂಘಗಳ ಮೇಲೆ ಕಠಿಣ ನಿರ್ಬಂಧ ಹೇರಿತು; 1946ರಲ್ಲಿ ಆಟ್ಲಿಯವರ ಲೇಬರ್ ಸರ್ಕಾರ ಅದನ್ನು ರದ್ದುಮಾಡಿತು. ಸಂಘಗಳನ್ನು ನಿರ್ಬಂಧಿಸಲು ಹೀತ್ ಅವರ ಕನ್ಸರ್ವೇಟಿವ್ ಸರ್ಕಾರ ತಂದ 1971ರ ಕಾಯಿದೆಯನ್ನು 1974ರಲ್ಲಿ ವಿಲ್ಸನ್ ಅವರ ಲೇಬರ್ ಸರ್ಕಾರ ತೆಗೆದುಹಾಕಿತು.

ಥ್ಯಾಚರ್ ಆಡಳಿತ: 1979ರಲ್ಲಿ ಅಧಿಕಾರಕ್ಕೆ ಬಂದ ಕನ್ಸರ್ವೇಟಿವ್ ಪಕ್ಷದ ಮಾರ್ಗರೆಟ್ ಥ್ಯಾಚರ್ ಒಂದೇ ಏಟಿಗೆ ಎಲ್ಲವನ್ನೂ ಬದಲಿಸದೆ ಕಾನೂನನ್ನು ಹಂತಹಂತವಾಗಿ ಬಿಗಿಮಾಡಿದರು. 1980ರಲ್ಲಿ ಪಿಕೆಟಿಂಗ್‌ಗೆ, ಅಂದರೆ ಮುಷ್ಕರದ ವೇಳೆ ಕೆಲಸದ ಸ್ಥಳದ ಮುಂದೆ ನಿಂತು ಇತರರನ್ನು ತಡೆಯಲು ಯತ್ನಿಸುವುದಕ್ಕೆ, ಮಿತಿ ಬಿತ್ತು. 1982ರ ಕಾಯಿದೆ ಸಂಘದ ನಿಧಿಯನ್ನು ಮತ್ತೆ ನಷ್ಟಪರಿಹಾರದ ದಾವೆಗಳಿಗೆ ಈಡುಮಾಡಿತು. 1984ರಲ್ಲಿ ಮುಷ್ಕರಕ್ಕೆ ಮೊದಲು ಗುಪ್ತ ಮತದಾನ ಅಗತ್ಯವಾಯಿತು. ಗಣಿ ಮುಚ್ಚುವುದರ ವಿರುದ್ಧ 1984ರ ಮಾರ್ಚ್‌ನಲ್ಲಿ ಆರಂಭವಾದ ಕಲ್ಲಿದ್ದಲು ಕಾರ್ಮಿಕರ ಮುಷ್ಕರ ಒಂದು ವರ್ಷ ನಡೆದು, ಯಾವ ಒಪ್ಪಂದವೂ ಇಲ್ಲದೆ ಮುಗಿಯಿತು. ಸರ್ಕಾರ ಮೊದಲೇ ಕಲ್ಲಿದ್ದಲು ದಾಸ್ತಾನು ಮಾಡಿಸಿತ್ತು. ನ್ಯಾಯಾಲಯ ಸಂಘದ ಹಣವನ್ನು ಮುಟ್ಟುಗೋಲು ಹಾಕಿತು. 1979ರಲ್ಲಿ ಸುಮಾರು 1.3 ಕೋಟಿ ಇದ್ದ ಸಂಘ ಸದಸ್ಯರ ಸಂಖ್ಯೆ 1990ರ ದಶಕದ ಕೊನೆಗೆ 80 ಲಕ್ಷದ ಆಸುಪಾಸಿಗೆ ಇಳಿಯಿತು. ದೊಡ್ಡ ಉದ್ಯಮಗಳು ಕುಸಿದದ್ದೂ ಇದಕ್ಕೆ ಕಾರಣ.

1997ರ ನಂತರ: ಟೋನಿ ಬ್ಲೇರ್ ಅವರ ಲೇಬರ್ ಸರ್ಕಾರ 1999ರ ಏಪ್ರಿಲ್ 1ರಿಂದ ಗಂಟೆಗೆ 3.60 ಪೌಂಡ್ ಕನಿಷ್ಠ ವೇತನ ಜಾರಿಗೆ ತಂದಿತು. ಆದರೆ ಥ್ಯಾಚರ್ ಕಾಲದ ಮುಷ್ಕರ ನಿರ್ಬಂಧಗಳಲ್ಲಿ ಬಹುಪಾಲನ್ನು ಹಾಗೇ ಉಳಿಸಿಕೊಂಡಿತು. 2016ರಲ್ಲಿ ಕನ್ಸರ್ವೇಟಿವ್ ಸರ್ಕಾರ ಮುಷ್ಕರದ ಮತದಾನದಲ್ಲಿ ಕನಿಷ್ಠ ಶೇ. 50ರಷ್ಟು ಸದಸ್ಯರು ಭಾಗವಹಿಸಬೇಕೆಂದು ವಿಧಿಸಿತು. 2023ರಲ್ಲಿ ಮುಷ್ಕರದ ವೇಳೆಯಲ್ಲೂ ಕನಿಷ್ಠ ಸೇವೆ ನಡೆಸುವ ಕಾಯಿದೆ ಬಂತು. 2024ರಲ್ಲಿ ಗೆದ್ದ ಲೇಬರ್ ಸರ್ಕಾರ 2025ರ ಉದ್ಯೋಗ ಹಕ್ಕುಗಳ ಕಾಯಿದೆಯಲ್ಲಿ ಅದನ್ನು ರದ್ದುಗೊಳಿಸಿತು.

ಮಹತ್ವ: ತಮ್ಮವರೆನಿಸಿದ ಪಕ್ಷ ಗೆದ್ದಮಾತ್ರಕ್ಕೆ ಕಳೆದ ಹಕ್ಕುಗಳು ಕಾರ್ಮಿಕರಿಗೆ ಮರಳುವುದಿಲ್ಲ ಎಂಬುದಕ್ಕೆ 1997 ಸಾಕ್ಷಿ. ಮೊದಲು ಕನಿಷ್ಠ ವೇತನವನ್ನು ವಿರೋಧಿಸಿದ್ದ ಕನ್ಸರ್ವೇಟಿವರು 2010ರಲ್ಲಿ ಅಧಿಕಾರಕ್ಕೆ ಮರಳಿದಾಗ ಅದನ್ನು ಉಳಿಸಿಕೊಂಡು, ಮುಂದೆ ಹೆಚ್ಚಿಸಿದರು ಕೂಡ. ಸಂಘಕ್ಕೆ ಸೇರದ ದುಡಿಮೆಗಾರರಿಗೂ ತಲುಪಿದ ಹಕ್ಕನ್ನು ಕಸಿಯುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.