ರಸ್ತೆಯ ಲೆಕ್ಕದಲ್ಲಿ ಬಂದ ಸಿನಿಮಾ ಹಣ

ಭಾರತದ ಚಲನಚಿತ್ರ ವ್ಯವಹಾರದಲ್ಲಿ ಬರೆದಿಟ್ಟ ಚಿತ್ರಕಥೆಗೆ ಅಡಮಾನದ ಬೆಲೆ ಇದ್ದದ್ದು ಬಹಳ ಕಡಿಮೆ. ನಟನ ಕಾಲ್‌ಷೀಟು, ಅಂದರೆ ಇಂತಿಷ್ಟು ದಿನ ಚಿತ್ರೀಕರಣಕ್ಕೆ ಬರುತ್ತೇನೆಂದು ಆತ ಕೊಡುವ ಒಪ್ಪಿಗೆ, ಸಾಲ ಹುಟ್ಟಿಸುತ್ತಿತ್ತು. ಸಂಗೀತ ನಿರ್ದೇಶಕನ ಹೆಸರೂ ಹುಟ್ಟಿಸುತ್ತಿತ್ತು. ಕಥೆಯ ಹಸ್ತಪ್ರತಿ ಮಾತ್ರ ಅದನ್ನು ಬರೆದವನ ಜೋಳಿಗೆಯಲ್ಲೇ ಉಳಿದು, ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆಯುತ್ತಿತ್ತು. ಆದ್ದರಿಂದ ಹೊಸ ಬಗೆಯ ಚಿತ್ರಕ್ಕೆ ಹಣ ಎಲ್ಲಿಂದ ಬಂತೆಂಬ ಪ್ರಶ್ನೆಯನ್ನು ಬರಹಗಾರನ ಛಲವೊಂದರಿಂದಲೇ ವಿವರಿಸಲು ಹೊರಟರೆ ಇತಿಹಾಸದ ಅರ್ಧಭಾಗ ಬಿಟ್ಟುಹೋಗುತ್ತದೆ. ಅಷ್ಟು ಕಾಲ ಕಾಯುವಾಗ ಆತನ ಮನೆಯ ಒಲೆ ಯಾವ ಸಂಬಳದಿಂದ ಉರಿಯುತ್ತಿತ್ತು ಎಂಬುದನ್ನೂ ಕೇಳಬೇಕಾಗುತ್ತದೆ.

1930ರ ದಶಕದಲ್ಲಿ ಈ ಪ್ರಶ್ನೆ ಇಷ್ಟು ಕಟುವಾಗಿರಲಿಲ್ಲ. ಕಲ್ಕತ್ತೆಯ ನ್ಯೂ ಥಿಯೇಟರ್ಸ್, ಪುಣೆಯ ಪ್ರಭಾತ್, ಮುಂಬಯಿಯ ಬಾಂಬೆ ಟಾಕೀಸ್ ಮೊದಲಾದ ದೊಡ್ಡ ಸ್ಟುಡಿಯೋಗಳು ಕಲಾವಿದರನ್ನೂ ತಂತ್ರಜ್ಞರನ್ನೂ ಕಥೆಗಾರರನ್ನೂ ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳುತ್ತಿದ್ದವು. ಎರಡನೆಯ ಮಹಾಯುದ್ಧದ ಹೊತ್ತಿಗೆ ಕಾಳಸಂತೆಯಲ್ಲಿ ಸಂಪಾದನೆಯಾದ, ಲೆಕ್ಕಕ್ಕೆ ಸಿಗದ ಹಣ ಸಿನಿಮಾಕ್ಕೆ ಹರಿದುಬಂದು, ಒಂದೊಂದು ಚಿತ್ರಕ್ಕೆಂದೇ ಹುಟ್ಟಿಕೊಂಡ ಬಿಡಿ ನಿರ್ಮಾಪಕರು ತಾರೆಯರಿಗೆ ಹೆಚ್ಚಿನ ಮೊತ್ತ ಕೊಟ್ಟು ಸೆಳೆದುಕೊಂಡದ್ದರಿಂದ ಆ ಸ್ಟುಡಿಯೋಗಳು ಸೊರಗಿದವು. ಉಳಿದದ್ದು ಎರಡು ದಾರಿ. ಒಂದು ಹುಂಡಿ, ಅಂದರೆ ಇಂಥ ದಿನ ಇಷ್ಟು ಹಣ ತೀರಿಸುತ್ತೇನೆಂದು ಬರೆದುಕೊಟ್ಟು ಲೇವಾದೇವಿಯವರಿಂದ ದುಬಾರಿ ಬಡ್ಡಿಗೆ ತರುವ ಸಾಲ. ಇನ್ನೊಂದು ಹಂಚಿಕೆದಾರನ ಮುಂಗಡ, ಕನ್ನಡ ಚಿತ್ರೋದ್ಯಮದ ನೆಲೆಯಾದ ಬೆಂಗಳೂರಿನ ಗಾಂಧಿನಗರದ ಮಾತಿನಲ್ಲಿ ‘ಎಂ.ಜಿ.’ (ಮಿನಿಮಮ್ ಗ್ಯಾರಂಟಿ), ಚಿತ್ರ ಓಡಲಿ ಬಿಡಲಿ, ಒಂದು ಪ್ರದೇಶದ ಪ್ರದರ್ಶನದ ಹಕ್ಕಿಗಾಗಿ ಕನಿಷ್ಠ ಇಷ್ಟು ಹಣ ಕೊಡುವುದು ಖಂಡಿತ ಎಂಬ ಕರಾರು. ಈ ಎರಡು ಕಡೆಯವರೂ ನೋಡುತ್ತಿದ್ದದ್ದು ತಾರೆಯನ್ನು ಮತ್ತು ಹಾಡುಗಳನ್ನು. ಎಸ್.ಕೆ. ಪಾಟೀಲರ ಅಧ್ಯಕ್ಷತೆಯ ಚಲನಚಿತ್ರ ವಿಚಾರಣಾ ಸಮಿತಿಯು 1951ರ ವರದಿಯಲ್ಲಿ ಈ ಅವ್ಯವಸ್ಥೆಯನ್ನು ವಿವರಿಸಿ, ಸರ್ಕಾರವೇ ಒಂದು ಹಣಕಾಸು ನಿಗಮವನ್ನು ಸ್ಥಾಪಿಸಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಜಾರಿಗೆ ಬರಲು ಒಂಬತ್ತು ವರ್ಷ ಹಿಡಿಯಿತು. ಆ ಒಂಬತ್ತು ವರ್ಷಗಳ ನಡುವೆಯೇ ‘ಪಥೇರ್ ಪಾಂಚಾಲಿ’ ತಯಾರಾಯಿತು.

ಆ ಚಿತ್ರಕ್ಕಾಗಿ ಎದುರಿಸಿದ ತಿರಸ್ಕಾರ ಅದರ ನಿರ್ದೇಶಕ ಸತ್ಯಜಿತ್ ರೇ ಅವರಿಗೆ ಮೊದಲನೆಯದಲ್ಲ. ಬ್ರಿಟಿಷರ ಒಡೆತನದ ಡಿ.ಜೆ. ಕೀಮರ್ ಜಾಹೀರಾತು ಸಂಸ್ಥೆಗೆ 1943ರಲ್ಲಿ ಚಿತ್ರಗಾರರಾಗಿ ಸೇರಿದ್ದ ಅವರು 1940ರ ದಶಕದ ಕೊನೆಯಲ್ಲಿ ರವೀಂದ್ರನಾಥ ಠಾಕೂರರ ‘ಘರೇ ಬಾಯಿರೇ’ ಕಾದಂಬರಿಗೆ ಚಿತ್ರಕಥೆ ಬರೆದಿದ್ದರು. ನಿರ್ಮಾಪಕರೊಡನೆ ಕರಾರಾಗಿ, ಅವರು ಬಯಸಿದ ಬದಲಾವಣೆಗಳಿಗೆ ರೇ ಒಪ್ಪದಿದ್ದದ್ದರಿಂದ ಆ ಯೋಜನೆ ಅಲ್ಲಿಗೇ ಮುರಿದುಬಿತ್ತು. ವರ್ಷಗಳ ಬಳಿಕ ಅದೇ ಪ್ರತಿಯನ್ನು ಓದಿದಾಗ, ಅದು ಹಾಲಿವುಡ್ಡಿನ ಮೇಲ್ಪದರದ ಅನುಕರಣೆಯಾಗಿತ್ತು, ಚಿತ್ರವಾಗದೆ ಉಳಿದದ್ದೇ ಒಳ್ಳೆಯದಾಯಿತು ಎಂದು ಸ್ವತಃ ರೇ ಅವರಿಗೇ ಅನಿಸಿತಂತೆ. ತಿರಸ್ಕೃತವಾದ ಪ್ರತಿಯೊಂದು ಚಿತ್ರಕಥೆಯೂ ಅನ್ಯಾಯಕ್ಕೆ ಒಳಗಾದ ಮೇರುಕೃತಿ ಎಂದು ನಂಬುವವರು ಈ ತಪ್ಪೊಪ್ಪಿಗೆಯನ್ನು ಗಮನಿಸಬೇಕು.

1950ರಲ್ಲಿ ಸಂಸ್ಥೆಯ ಕೆಲಸಕ್ಕಾಗಿ ಲಂಡನ್ನಿಗೆ ಹೋದ ರೇ ಅಲ್ಲಿ ಸುಮಾರು ನೂರು ಚಿತ್ರಗಳನ್ನು ನೋಡಿದರು. ಅವುಗಳಲ್ಲಿ ಒಂದಾದ, ಇಟಲಿಯ ನಿರ್ದೇಶಕ ಡಿ ಸಿಕಾನ ‘ಬೈಸಿಕಲ್ ಥೀವ್ಸ್’, ತಾರೆಯರಿಲ್ಲದೆ, ಸ್ಟುಡಿಯೋದ ಸೆಟ್ಟಿಲ್ಲದೆ, ಬೀದಿಯಲ್ಲೇ ಚಿತ್ರ ತೆಗೆಯಬಹುದೆಂಬ ಧೈರ್ಯ ಕೊಟ್ಟಿತು. ಹಿಂದಿರುಗುವ ಹಡಗಿನಲ್ಲಿ ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ ಕಾದಂಬರಿಯ ಚಿತ್ರರೂಪದ ಮೊದಲ ಕರಡು ಸಿದ್ಧವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಲೇಖಕರು ತೀರಿಕೊಂಡಿದ್ದರಿಂದ ಅನುಮತಿಗಾಗಿ ಅವರ ಪತ್ನಿಯನ್ನು ಕೇಳಬೇಕಾಯಿತು. ಕಾದಂಬರಿಯ ಮಕ್ಕಳ ಆವೃತ್ತಿಗೆ ರೇ ಬರೆದಿದ್ದ ಚಿತ್ರಗಳನ್ನು ಬಲ್ಲ ಆಕೆ ಒಪ್ಪಿದರು. ಸಂಭಾಷಣೆಯನ್ನು ಅಚ್ಚುಕಟ್ಟಾಗಿ ಬೆರಳಚ್ಚಿಸಿದ ಚಿತ್ರಕಥೆಯೆಂಬುದು ಈ ಚಿತ್ರಕ್ಕೆ ಇರಲೇ ಇಲ್ಲ. ಇದ್ದದ್ದು ಒಂದು ಕರಡು, ಮತ್ತು ದೃಶ್ಯದ ಮೇಲೆ ದೃಶ್ಯವನ್ನು ಶಾಯಿಯಲ್ಲಿ ಬರೆದ ಒಂದು ಚಿತ್ರಪುಸ್ತಕ.

ಆ ಪುಸ್ತಕವನ್ನು ಹಿಡಿದು ರೇ ಸುಮಾರು ಎರಡು ವರ್ಷ ಕಲ್ಕತ್ತೆಯ ನಿರ್ಮಾಪಕರ ಬಾಗಿಲು ತಟ್ಟಿದರು. ಕಥೆಯನ್ನು ಬಾಯಲ್ಲಿ ಹೇಳಿಸಿಕೊಂಡು, ಹಾಡು ಎಲ್ಲಿ ಬರುತ್ತದೆಂದು ಕೇಳಿ ನಿರ್ಧರಿಸುವುದಕ್ಕೆ ಒಗ್ಗಿಕೊಂಡಿದ್ದ ಅವರ ಎದುರಿಗೆ, ಹಾಡಿಲ್ಲದ, ಕುಣಿತವಿಲ್ಲದ, ಇಬ್ಬರು ಮಕ್ಕಳು ಮತ್ತು ಹಣ್ಣುಹಣ್ಣು ಮುದುಕಿಯೊಬ್ಬಳ ಸುತ್ತ ಹೆಣೆದ ಕಥೆಯನ್ನು ಚಿತ್ರಗಳ ಮೂಲಕ ವಿವರಿಸುವ ಯುವಕ ನಿಂತಿದ್ದ. ನಿರ್ದೇಶನದ ಅನುಭವ ಆತನಿಗೆ ಇರಲಿಲ್ಲ. ಛಾಯಾಗ್ರಾಹಕ ಸುಬ್ರತ ಮಿತ್ರ ಇಪ್ಪತ್ತೊಂದರ ತರುಣ. ಚಲನಚಿತ್ರದ ಕ್ಯಾಮೆರಾವನ್ನು ಅದುವರೆಗೆ ನಡೆಸಿದವರೇ ಅಲ್ಲ. ವ್ಯಾಪಾರದ ಕಣ್ಣಿನಿಂದ ನೋಡಿದರೆ ನಿರ್ಮಾಪಕರ ನಿರಾಕರಣೆಯಲ್ಲಿ ಮೂರ್ಖತನವೇನೂ ಇರಲಿಲ್ಲ. ಹಂಚಿಕೆದಾರನ ಮುಂದೆ ಇಡಲು ಅವರಿಗೆ ಒಂದು ಪರಿಚಿತ ಹೆಸರೂ ಸಿಗುತ್ತಿರಲಿಲ್ಲ.

ಸ್ವಲ್ಪ ಭಾಗವನ್ನಾದರೂ ಚಿತ್ರಿಸಿ ತೋರಿಸಿದರೆ ಯಾರಾದರೂ ಮುಂದೆ ಬಂದಾರೆಂದು ರೇ ತಮ್ಮ ಜೀವವಿಮೆಯ ಪಾಲಿಸಿಯನ್ನು ಒತ್ತೆಯಿಟ್ಟು, ಬಂಧುಗಳಿಂದಲೂ ಸ್ನೇಹಿತರಿಂದಲೂ ಕೈಗಡ ತಂದು, 1952ರ ಅಕ್ಟೋಬರ್ 27ರಂದು ಚಿತ್ರೀಕರಣ ಆರಂಭಿಸಿದರು. ಅಕ್ಕತಮ್ಮಂದಿರು ಬಿಳಿ ಹೂವಿನ ಕಾಶ ಹುಲ್ಲಿನ ಬಯಲನ್ನು ದಾಟಿ ರೈಲು ನೋಡುವ ದೃಶ್ಯ ಮೊದಲಿಗೆ ಆಯ್ಕೆಯಾಯಿತು. ಕಚೇರಿಗೆ ರಜೆಯಿದ್ದ ದಿನ ಮಾತ್ರ ಕೆಲಸ. ಮೊದಲ ದಿನದ ಕೆಲಸ ಅರ್ಧಕ್ಕೆ ನಿಂತು, ಉಳಿದದ್ದನ್ನು ಪೂರೈಸಲು ಕೆಲವು ದಿನಗಳ ನಂತರ ಮರಳಿದಾಗ ದನಗಳು ಆ ಹೂವನ್ನೆಲ್ಲ ಮೇದುಹೋಗಿದ್ದವು. ಕಾಶ ಮತ್ತೆ ಅರಳುವವರೆಗೆ, ಅಂದರೆ ಮುಂದಿನ ಶರದೃತುವಿನವರೆಗೆ, ಆ ದೃಶ್ಯ ಕಾಯಬೇಕಾಯಿತು. ಹಣವಿದ್ದ ನಿರ್ಮಾಣದಲ್ಲಿ ಒಂದೇ ವಾರದಲ್ಲಿ ಮುಗಿಯಬಹುದಾದ ಕೆಲಸಕ್ಕೆ ಹಣವಿಲ್ಲದ ನಿರ್ಮಾಣದಲ್ಲಿ ಒಂದು ಋತುಚಕ್ರವೇ ಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಬೇಕಿಲ್ಲ.

ನಡುವೆ ರಾಣಾ ದತ್ತ ಎಂಬ ನಿರ್ಮಾಪಕರು ಹಣ ಹಾಕಲು ಮುಂದೆ ಬಂದರು. ಬೋರಾಲ್ ಎಂಬ ಹಳ್ಳಿಯಲ್ಲಿ ಕೆಲಸ ಸಾಗಿತು. ಅಷ್ಟರಲ್ಲಿ ಅವರ ಬೇರೆ ಚಿತ್ರಗಳು ನೆಲಕಚ್ಚಿ, ಕೊಡುವ ಕೈ ಬರಿದಾಯಿತು. ರೇ ತಮ್ಮ ಗ್ರಾಮೊಫೋನ್ ತಟ್ಟೆಗಳ ಸಂಗ್ರಹವನ್ನು ಮಾರಿದರು. ನಿರ್ಮಾಣ ವ್ಯವಸ್ಥಾಪಕ ಅನಿಲ್ ಚೌಧುರಿಯವರ ಒತ್ತಾಯಕ್ಕೆ ಮಣಿದು ಪತ್ನಿ ಬಿಜೊಯಾ ಒಡವೆಗಳನ್ನು ಗಿರವಿಗೆ ಕೊಟ್ಟರು. ಅದೂ ಸಾಲದೆ ಚಿತ್ರೀಕರಣ ಸುಮಾರು ಒಂದು ವರ್ಷ ನಿಂತುಹೋಯಿತು. ನಿಲ್ಲುವುದೆಂದರೆ ಇಲ್ಲಿ ಬರೀ ಕಾಯುವುದಲ್ಲ: ತಮ್ಮ ಅಪುವಿನ ಪಾತ್ರದ ಹುಡುಗನ ದನಿ ಒಡೆಯಬಹುದಿತ್ತು, ಅಕ್ಕ ದುರ್ಗೆಯ ಪಾತ್ರದ ಹುಡುಗಿ ಬೆಳೆದು ದೊಡ್ಡವಳಾಗಬಹುದಿತ್ತು, ಮುದುಕಿಯ ಪಾತ್ರ ಮಾಡುತ್ತಿದ್ದ ಸುಮಾರು ಎಂಬತ್ತರ ಚುನಿಬಾಲಾ ದೇವಿ ಕಣ್ಣುಮುಚ್ಚಬಹುದಿತ್ತು. ಮೂರೂ ಆಗದಿದ್ದದ್ದನ್ನು ರೇ ಮುಂದೆ ಮೂರು ಪವಾಡಗಳೆಂದು ಕರೆದರು. ಆದರೆ ನಾಲ್ಕನೆಯದೊಂದಿದೆ, ಅದು ಪವಾಡವಲ್ಲ. ಈ ಅವಧಿಯುದ್ದಕ್ಕೂ ಕೀಮರ್ ಸಂಸ್ಥೆ ತಿಂಗಳು ತಿಂಗಳಿಗೆ ಕೊಡುತ್ತಿದ್ದ ಸಂಬಳ. ರೇ ಅವರ ಸಹನೆಯನ್ನು ಕೊಂಡಾಡುವ ಬರಹಗಳು ಈ ಸಂಬಳಕ್ಕೆ ಒಂದು ಸಾಲಿಗಿಂತ ಹೆಚ್ಚು ಜಾಗ ಕೊಡುವುದು ಅಪರೂಪ.

ಕೊನೆಗೆ ದಾರಿ ತೆರೆದದ್ದು ಚಿತ್ರೋದ್ಯಮದ ಹೊರಗೆ. ರೇ ಅವರ ತಾಯಿಯ ಪರಿಚಯದ ಮಹಿಳೆಯೊಬ್ಬರ ಮೂಲಕ ವಿಷಯ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಡಾ. ಬಿಧಾನ್ ಚಂದ್ರ ರಾಯ್ ಅವರನ್ನು ತಲುಪಿತು. ಸರ್ಕಾರಿ ಅಧಿಕಾರಿಗಳು ಇದನ್ನು ಗ್ರಾಮಾಭಿವೃದ್ಧಿಯ ಸಾಕ್ಷ್ಯಚಿತ್ರವೆಂದು ಬಗೆದರು. ‘ಪಥೇರ್ ಪಾಂಚಾಲಿ’ ಎಂದರೆ ದಾರಿಯ ಹಾಡು ಎಂಬರ್ಥ ಬರುವುದರಿಂದ ಹಣವನ್ನು ರಸ್ತೆ ಸುಧಾರಣೆಯ ಲೆಕ್ಕದಲ್ಲಿ ಬರೆದುಕೊಂಡರು. ಊರು ಬಿಟ್ಟು ಹೋಗುವ ಕುಟುಂಬದ ಕೊನೆಯನ್ನು ಬದಲಿಸಿ, ಹಳ್ಳಿಯ ಉದ್ಧಾರದ ಸಂದೇಶ ಸೇರಿಸಬಾರದೇಕೆ ಎಂಬ ಸಲಹೆಯೂ ಬಂತು. ರೇ ಅದನ್ನು ಒಪ್ಪಲಿಲ್ಲ. ಒಪ್ಪದಿದ್ದರೂ ಹಣ ನಿಲ್ಲಲಿಲ್ಲ ಎಂಬುದನ್ನು ಆ ಸರ್ಕಾರದ ಪರವಾಗಿ ಹೇಳಲೇಬೇಕು.

ಸರ್ಕಾರಿ ಹಣಕ್ಕೆ ಅದರದೇ ಆದ ನಡೆ ಇತ್ತು. ಅದು ಕಂತುಕಂತಾಗಿ ಬರುತ್ತಿತ್ತು. ಕಡತ ಮೇಜಿನಿಂದ ಮೇಜಿಗೆ ಸರಿಯುವ ವೇಗ ಮಳೆಗಾಲಕ್ಕೆ ಗೊತ್ತಿರಲಿಲ್ಲ. ಮಳೆಯ ದೃಶ್ಯಗಳಿಗೆ ಬೇಕಾದ ಹಣ ಕೈಸೇರಿದಾಗ ಅಕ್ಟೋಬರ್ ಬಂದು ಆಕಾಶ ತಿಳಿಯಾಗಿತ್ತು. ತಂಡವು ಮಕ್ಕಳನ್ನು ಕರೆದುಕೊಂಡು ದಿನವೂ ಹಳ್ಳಿಗೆ ಹೋಗಿ ಮೋಡ ಕಾಯುತ್ತ ಕುಳಿತು, ಅಕಾಲದಲ್ಲಿ ಬಿದ್ದ ಮಳೆಯೊಂದರಲ್ಲಿ ಆ ದೃಶ್ಯವನ್ನು ಹಿಡಿಯಿತು. ದುರ್ಗೆ ಮಳೆಯಲ್ಲಿ ನೆನೆದು ಕುಣಿಯುವ, ಬಳಿಕ ತಮ್ಮನನ್ನು ಸೆರಗಿನೊಳಗೆ ಅಪ್ಪಿಕೊಂಡು ನಡುಗುವ ಆ ಭಾಗ ಚಿತ್ರದ ಅತ್ಯಂತ ಪ್ರಸಿದ್ಧ ದೃಶ್ಯಗಳಲ್ಲಿ ಒಂದು. ಅಲ್ಲಿನ ನಡುಕದಲ್ಲಿ ನಟನೆಯದೆಷ್ಟು, ಅಕ್ಟೋಬರಿನ ಚಳಿಯದೆಷ್ಟು ಎಂದು ವಿಂಗಡಿಸುವುದು ಕಷ್ಟ.

1954ರಲ್ಲಿ ಕಲ್ಕತ್ತೆಗೆ ಬಂದಿದ್ದ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಮನ್ರೋ ವೀಲರ್ ಈ ಚಿತ್ರದ ಛಾಯಾಚಿತ್ರಗಳನ್ನು ಕಂಡು ಮೆಚ್ಚಿದರು. ಬಳಿಕ ಬಂದ ನಿರ್ದೇಶಕ ಜಾನ್ ಹ್ಯೂಸ್ಟನ್ ಇನ್ನೂ ಧ್ವನಿ ಸೇರಿಸದ ಕೆಲವು ಭಾಗಗಳನ್ನು ನೋಡಿ ಒಳ್ಳೆಯ ಮಾತು ಬರೆದರು. 1955ರ ಮೇ 3ರಂದು ಆ ಸಂಗ್ರಹಾಲಯದಲ್ಲಿ ಮೊದಲ ಪ್ರದರ್ಶನ, ಆಗಸ್ಟ್ 26ರಂದು ಕಲ್ಕತ್ತೆಯಲ್ಲಿ ಬಿಡುಗಡೆ, 1956ರಲ್ಲಿ ಕಾನ್ ಉತ್ಸವದ ಪ್ರಶಸ್ತಿ ಆದವು. ಸುಮಾರು ಒಂದೂವರೆ ಲಕ್ಷ ರೂಪಾಯಿಯ ಈ ಚಿತ್ರದ ಗಳಿಕೆ ಸರ್ಕಾರದ ಬೊಕ್ಕಸಕ್ಕೆ ಸೇರಿತು. ಬರೆದು ನಿರ್ದೇಶಿಸಿದವರಿಗೆ ಅದರಲ್ಲಿ ಪಾಲು ಇರಲಿಲ್ಲ.

ಇದೇ ನಗರದಲ್ಲಿ, ಇದಕ್ಕಿಂತ ಮೊದಲೇ, ಇನ್ನೊಂದು ಚಿತ್ರ ಪೂರ್ಣಗೊಂಡಿತ್ತು. ಋತ್ವಿಕ್ ಘಟಕ್ ಬರೆದು ನಿರ್ದೇಶಿಸಿದ ‘ನಾಗರಿಕ್’ 1952ರ ಹೊತ್ತಿಗೆ ಸಿದ್ಧವಾದರೂ ಬಿಡುಗಡೆಯಾಗದೆ ಉಳಿದು, ಜನರೆದುರಿಗೆ ಬಂದದ್ದು 1977ರಲ್ಲಿ, ಅಂದರೆ ಘಟಕ್ ತೀರಿಕೊಂಡ ಮರುವರ್ಷ. ಅವರ ‘ಸುವರ್ಣರೇಖಾ’ ಚಿತ್ರೀಕರಣ ಮುಗಿದು ಕೆಲವು ವರ್ಷ ಕಾದು 1965ರಲ್ಲಿ ತೆರೆಗೆ ಬಂತು. ಆ ಬಳಿಕ 1973ರವರೆಗೆ ಒಂದು ಕಥಾಚಿತ್ರವನ್ನೂ ಅವರು ಮುಗಿಸಲಾಗಲಿಲ್ಲ. ಕುಡಿತ, ಕ್ಷಯ, ಮಾನಸಿಕ ಚಿಕಿತ್ಸೆಗಾಗಿ ಆಸ್ಪತ್ರೆವಾಸ ಇವೆಲ್ಲ ಆ ವರ್ಷಗಳಲ್ಲೇ ಅವರನ್ನು ಮುತ್ತಿಕೊಂಡವು. ಘಟಕ್ ಅವರ ದಣಿವನ್ನು ಸ್ವಭಾವದ ದೋಷವೆಂದೂ ರೇ ಅವರ ತಾಳ್ಮೆಯನ್ನು ಸ್ವಭಾವದ ಗುಣವೆಂದೂ ವಿವರಿಸುವ ರೂಢಿಯಿದೆ. ಸ್ವಭಾವಕ್ಕೆ ಅದರ ಪಾಲು ಇರಬಹುದು. ಆದರೆ ಒಬ್ಬರಿಗೆ ಚಿತ್ರ ನಿಂತಾಗಲೂ ನಿಲ್ಲದ ವರಮಾನವಿತ್ತು, ಇನ್ನೊಬ್ಬರಿಗೆ ಅಂಥ ಆಸರೆ ಇರಲಿಲ್ಲ ಎಂಬ ಸಂಗತಿಯನ್ನು ಬದಿಗಿಟ್ಟು ಮಾಡುವ ಹೋಲಿಕೆ ನ್ಯಾಯವಾಗಲಾರದು.

ಪಾಟೀಲ್ ಸಮಿತಿ ಕೇಳಿದ್ದ ಚಲನಚಿತ್ರ ಹಣಕಾಸು ನಿಗಮ 1960ರಲ್ಲಿ ಬಂತು. ಅದು ತಾರೆಯರಿಲ್ಲದ, ಕಡಿಮೆ ವೆಚ್ಚದ ಚಿತ್ರಗಳತ್ತ ನಿಜವಾಗಿ ತಿರುಗಿದ್ದು 1969ರ ಹೊತ್ತಿಗೆ, ಮೃಣಾಲ್ ಸೇನ್ ಅವರ ‘ಭುವನ್ ಶೋಮ್’ ಕಾಲಕ್ಕೆ. ಆದರೂ ನಿಗಮವೊಂದರಿಂದ ಎಲ್ಲರ ಅಲೆದಾಟ ತಪ್ಪಲಿಲ್ಲ. ಶ್ಯಾಮ್ ಬೆನೆಗಲ್ ಕಾಲೇಜು ದಿನಗಳಲ್ಲಿ ಬರೆದ ಕಥೆಯೊಂದನ್ನು ಚಿತ್ರಕಥೆಯಾಗಿಸಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಣ ಹುಡುಕಿದರು. ಕೊನೆಗೆ ನೆರವಾದದ್ದು ಚಿತ್ರಮಂದಿರಗಳಿಗೆ ಜಾಹೀರಾತು ಚಿತ್ರಗಳನ್ನು ಹಂಚುತ್ತಿದ್ದ ಬ್ಲೇಜ್ ಸಂಸ್ಥೆ. ಅನಂತ್ ನಾಗ್ ಮತ್ತು ಶಬಾನಾ ಆಜ್ಮಿ ನಟಿಸಿದ ‘ಅಂಕುರ್’ 1974ರಲ್ಲಿ ಬಂದದ್ದು ಹೀಗೆ. ಅಷ್ಟು ವರ್ಷ ಬೆನೆಗಲ್ ಬದುಕಿದ್ದೂ ಜಾಹೀರಾತಿನ ಕೆಲಸದಿಂದಲೇ. ಎರಡು ವರ್ಷಗಳ ಬಳಿಕ ಅವರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರು.

ಕರ್ನಾಟಕದ ಕಥೆಯೂ ಇದರಿಂದ ದೂರವಿಲ್ಲ. ಯು.ಆರ್. ಅನಂತಮೂರ್ತಿಯವರ ಕಾದಂಬರಿಗೆ ಗಿರೀಶ ಕಾರ್ನಾಡರು ಬರೆದ ಚಿತ್ರಕಥೆಯ ‘ಸಂಸ್ಕಾರ’ 1970ರಲ್ಲಿ ತೆರೆಗೆ ಬರಲು, ಅದರ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರೇ ನಿರ್ಮಾಪಕರೂ ಆಗಬೇಕಾಯಿತು. ಸೆನ್ಸಾರ್ ಮಂಡಳಿಯ ತಡೆಯನ್ನು ದಾಟಿ ಬಂದ ಆ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ದೊರೆಯಿತು. ಸುಮಾರು ನಾಲ್ಕು ದಶಕಗಳ ನಂತರ, ‘ಮನಸಾರೆ’, ‘ಪಂಚರಂಗಿ’ ಚಿತ್ರಗಳ ಬರವಣಿಗೆಯಲ್ಲಿ ಕೈಜೋಡಿಸಿ, ಒಂದು ಚಿತ್ರವನ್ನೂ ನಿರ್ದೇಶಿಸಿದ್ದ ಪವನ್ ಕುಮಾರ್ ‘ಲೂಸಿಯಾ’ ಕಥೆಗೆ ನಿರ್ಮಾಪಕರು ಸಿಗದೆ ನೇರವಾಗಿ ಪ್ರೇಕ್ಷಕರನ್ನೇ ಕೇಳಿದರು. ನೂರಕ್ಕೂ ಹೆಚ್ಚು ಜನ ಸೇರಿ ಒಂದು ತಿಂಗಳೊಳಗೆ ಸುಮಾರು ಅರ್ಧ ಕೋಟಿ ರೂಪಾಯಿ ಕೂಡಿಸಿದ್ದರಿಂದ ಅದು 2013ರಲ್ಲಿ ಬಿಡುಗಡೆಯಾಯಿತು. ಆ ಹೊತ್ತಿಗೆ ಕೇಂದ್ರ ಸರ್ಕಾರ ಚಲನಚಿತ್ರಕ್ಕೆ ಉದ್ಯಮದ ಸ್ಥಾನ ಘೋಷಿಸಿ ಹದಿನೈದು ವರ್ಷವಾಗಿತ್ತು. ಬ್ಯಾಂಕುಗಳ ಬಾಗಿಲು ಕಾಗದದ ಮೇಲೆ ತೆರೆದಿತ್ತು.

ಕರ್ನಾಟಕ ಸರ್ಕಾರ 1960ರ ದಶಕದ ಉತ್ತರಾರ್ಧದಿಂದ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುತ್ತ ಬಂದಿದೆ. ಚಿತ್ರರಂಗ ಮದರಾಸಿನಿಂದ ಬೆಂಗಳೂರಿಗೆ ಬರುವುದರಲ್ಲಿ ಈ ನೀತಿಯ ಪಾತ್ರ ದೊಡ್ಡದು. ಆದರೆ ಸಹಾಯಧನವೆಂಬುದು ಮುಗಿದ ಚಿತ್ರಕ್ಕೆ ಸಿಗುವ ಹಣ. ಮೊದಲು ಸಾಲ ಮಾಡಿ ಚಿತ್ರ ತೆಗೆದವರ ಹೊರೆಯನ್ನು ಅದು ಇಳಿಸೀತೇ ಹೊರತು, ಸಾಲವೇ ಹುಟ್ಟದ ಬರಹಗಾರನ ಕೈಗೆ ಎಟುಕದು. ಆ ಮೊತ್ತದ ಒಂದು ಪಾಲನ್ನಾದರೂ ಒಳ್ಳೆಯ ಚಿತ್ರಕಥೆಗಳನ್ನು ಆರಿಸಿ, ಬರೆಯುವ ಮತ್ತು ಕಾಯುವ ಅವಧಿಯ ಜೀವನಕ್ಕೆಂದು ಮುಂಗಡವಾಗಿ ಕೊಡುವ ವ್ಯವಸ್ಥೆಯನ್ನು ಸರ್ಕಾರವೂ ಚಲನಚಿತ್ರ ಅಕಾಡೆಮಿಯೂ ಸೇರಿ ರೂಪಿಸಬೇಕು.