ಥೇಮ್ಸ್ ನದಿಯಲ್ಲಿ ಗಾಳ ಹಾಕಿದವರು

ರಜೆಯ ದಿನ ಕಡಲಂಚಿನಲ್ಲಿ ಗಾಳ ಹಾಕಿ, ಒಂದು ಹಮೂರ್ ಸಿಕ್ಕರೆ ಸಾಕೆಂದು ಕಾಯುವವರು ನಾವು. ಲಂಡನ್ನಿನ ಥೇಮ್ಸ್‌ನಲ್ಲೂ ಈ ಹವ್ಯಾಸ ಹಳೆಯದು.

19ನೇ ಶತಮಾನದಲ್ಲಿ ಟ್ವಿಕೆನ್‌ಹ್ಯಾಮ್, ಟೆಡಿಂಗ್ಟನ್ ಕಡೆ ಚಪ್ಪಟೆ ತಳದ ಪಂಟ್ ದೋಣಿ ಬಾಡಿಗೆಗೆ ಸಿಗುತ್ತಿತ್ತು. ದೋಣಿಯವನು ಕಂಬ ನೆಟ್ಟು ಅದನ್ನು ಹೊಳೆಗೆ ಅಡ್ಡಲಾಗಿ ನಿಲ್ಲಿಸುತ್ತಿದ್ದ. ಗೆಳೆಯರು ಕುರ್ಚಿ ಹಾಕಿ ಕೂರುತ್ತಿದ್ದರು. ಉದ್ದ ಹಿಡಿಯ ಕುಂಟೆಯಿಂದ ತಳದ ಜಲ್ಲಿ ಕೆದಕಿದರೆ ಗಜನ್ ಎಂಬ ಪುಟ್ಟ ಮೀನು ಗುಂಪಾಗಿ ಬರುತ್ತಿತ್ತು. ದುಡಿಮೆ ದೋಣಿಯವನದು, ಹೆಸರು ಸಾಹೇಬರದು! ಕಳ್ಳಬೇಟೆ ತಡೆಯಲು ಇಂಥ ಹವ್ಯಾಸಿಗಳು 1838ರಲ್ಲೇ ಥೇಮ್ಸ್ ಆಂಗ್ಲಿಂಗ್ ಪ್ರಿಸರ್ವೇಶನ್ ಸೊಸೈಟಿ ಕಟ್ಟಿದ್ದರು.

ಕಳ್ಳರಿಗಿಂತ ದೊಡ್ಡ ವೈರಿ ಕೊಳಚೆ. 1858ರ ಬೇಸಿಗೆಯಲ್ಲಿ ನಾತ ತಾಳದೆ ಪಾರ್ಲಿಮೆಂಟಿನ ಪರದೆಗಳನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿದರು. ಫಾರ್ಮಸಿಯಲ್ಲಿರುವ ನಮಗೆ ಅದರ ಘಾಟು ಗೊತ್ತು. ಅದೇ ವಾಸಿ ಎನಿಸಿದ್ದರೆ ನದಿಯ ನಾತ ಹೇಗಿತ್ತೋ! ಎಂಜಿನಿಯರ್ ಬಜಾಲ್ಜೆಟ್ ಕಟ್ಟಿದ ಒಳಚರಂಡಿ ಕೊಳಚೆಯನ್ನು ಪೂರ್ವದ ಬೆಕ್ಟನ್, ಕ್ರಾಸ್‌ನೆಸ್‌ಗೆ ಸಾಗಿಸಿತು. ನಗರ ಉಸಿರಾಡಿತು, ಮೀನು ಉಸಿರಾಡಲಿಲ್ಲ. ಕೊಳಚೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೇ ತಿನ್ನುತ್ತದೆ. 1957ರಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನದಿಯ ಲಂಡನ್ ಭಾಗ ಸತ್ತಿದೆ ಎಂದೇ ಹೇಳಿತು.

ಆಮೇಲೆ ಆ ಎರಡೂ ಕಡೆ ಕೊಳಚೆ ಸಂಸ್ಕರಣೆ ಸುಧಾರಿಸಿತು. 1974ರಲ್ಲಿ ಸಾಲ್ಮನ್ ಮತ್ತೆ ಕಾಣಿಸಿತು. ಈಗ ಸೀ ಬಾಸ್ ಮರಿಗಳು ಭರತದ ನೀರಿನೊಂದಿಗೆ ಊರೊಳಗೇ ಬರುತ್ತವೆ. ಗಾಳಕ್ಕೆ ಸಿಕ್ಕ ಬಾಸ್ 42 ಸೆಂ.ಮೀ.ಗಿಂತ ಚಿಕ್ಕದಾದರೆ ನೀರಿಗೇ ಬಿಡಬೇಕು. 2015ಕ್ಕೆ ಮೊದಲು ಈ ಅಳತೆ 36 ಇತ್ತು.