ಡೂಮ್‌ನೊಳಗೊಂದು ನ್ಯೂಟೌನ್

1996ರಲ್ಲಿ ನಾನು ದಿನವೂ ಭದ್ರಾವತಿಯಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ, ದುರ್ಗಿಗುಡಿಯ ಒಂದು ಮಹಡಿಯ ಮೇಲೆ ಕಂಪ್ಯೂಟರ್ ಕಲಿಯುತ್ತಿದ್ದೆ. ಕಲಿಯುತ್ತಿದ್ದೇನೆಂದು ಮನೆಯಲ್ಲಿ ಹೇಳಿದ್ದೆ ಎನ್ನುವುದೇ ಹೆಚ್ಚು ಸರಿ. ಲೋಟಸ್, ಡಿಬೇಸ್ ಪಾಠ ಮುಗಿಸಿ ಮೇಷ್ಟ್ರು ಊಟಕ್ಕೆ ಹೋದರೆಂದರೆ ನಾವು ಮೂವರು ಅಲ್ಲಿದ್ದ ಒಂದೇ ಒಂದು 486ರ ಮುಂದೆ ಕುರ್ಚಿ ಎಳೆದುಕೊಳ್ಳುತ್ತಿದ್ದೆವು. ಆಡುತ್ತಿದ್ದದ್ದು ಡೂಮ್.

ಟೆಕ್ಸಾಸಿನ ಇಡ್ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪನಿ 1993ರ ಡಿಸೆಂಬರ್ 10ರಂದು ಹೊರತಂದ ಆಟ ಅದು. ಕೈಯಲ್ಲಿ ಬಂದೂಕು, ಎದುರಿಗೆ ರಾಕ್ಷಸರು, ಸುತ್ತ ಕತ್ತಲ ಓಣಿಗಳು. ಒಟ್ಟು 27 ಲೆವೆಲ್‌ಗಳಲ್ಲಿ ಮೊದಲ 9ನ್ನು ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದಿತ್ತು. ಉಳಿದವಕ್ಕೆ ದುಡ್ಡು ಕೊಡಬೇಕು. ನಮ್ಮಲ್ಲಿದ್ದದ್ದು ಆ ಬಿಟ್ಟಿ 9 ಮಾತ್ರ.

ಬೆಂಗಳೂರಿನಲ್ಲಿದ್ದ ದೊಡ್ಡಮ್ಮನ ಮಗ ರಜೆಗೆ ಬಂದವನು ಒಂದು ಫ್ಲಾಪಿ ಕೊಟ್ಟ. "ಹೊಸ ಲೆವೆಲ್ ಇದೆ ನೋಡು. ಕಂಪನಿಯವರು ಮಾಡಿದ್ದಲ್ಲ ಮಾರಾಯ, ಆಡುವವರೇ ಮಾಡಿದ್ದು" ಎಂದ. ನಮಗೆ ನಂಬಿಕೆ ಬರಲಿಲ್ಲ. ಸಿನಿಮಾ ನೋಡಲು ಹೋದವರು ಒಂದು ರೀಲು ಸೇರಿಸಿ ಬಂದ ಹಾಗಾಯಿತಲ್ಲ!

ಫ್ಲಾಪಿಯಲ್ಲಿ ಎರಡು ಫೈಲುಗಳಿದ್ದವು. ಒಂದು ವಾಡ್, ಎಂದರೆ ಲೆವೆಲ್. ಇನ್ನೊಂದು ಬರೀ ಅಕ್ಷರಗಳ ಫೈಲು: ಮಾಡಿದವರ ಹೆಸರು, ಹಿಡಿದ ಸಮಯ, ಗೊತ್ತಿರುವ ದೋಷಗಳು, ಇದನ್ನು ಆಧಾರವಾಗಿಟ್ಟುಕೊಂಡು ಬೇರೆಯವರು ಲೆವೆಲ್ ಮಾಡಬಹುದೇ ಇಲ್ಲವೇ. ವಾಡ್ ಅನ್ನು ಡೂಮ್ ಇದ್ದ ಡೈರೆಕ್ಟರಿಗೆ ಹಾಕಿ, ಕಪ್ಪು ಪರದೆಯ ಮೇಲೆ ಡೂಮ್ ಎಂದು ಹೊಡೆದು, ಒಂದು ಅಡ್ಡಗೆರೆ, ಫೈಲ್ ಎಂಬ ಪದ, ಅದರ ಮುಂದೆ ವಾಡ್‌ನ ಹೆಸರು ಬರೆದು ಎಂಟರ್ ಒತ್ತಿದೆವು. ಬಿಟ್ಟಿ ಪ್ರತಿಯಲ್ಲಿ ಇದು ನಡೆಯದು, ನೋಂದಾಯಿಸಿಕೊಳ್ಳಿ ಎಂದು ಆಟ ಹೊರಗೆ ಹಾಕಿತು.

ಈ ಬಾಗಿಲನ್ನು ಮಾಡಿಟ್ಟವರೂ, ಅದಕ್ಕೆ ಚಿಲಕ ಹಾಕಿದವರೂ ಕಂಪನಿಯವರೇ. 1992ರ ಅವರ ವುಲ್ಫೆನ್‌ಸ್ಟೈನ್ ಆಟವನ್ನು ಅಭಿಮಾನಿಗಳು ಮೂಲ ಫೈಲುಗಳನ್ನೇ ತಿದ್ದಿ ಬದಲಿಸುತ್ತಿದ್ದರು. ತಿದ್ದಿದರೆ ಹಳೆಯ ಆಟ ಹೋಯಿತು. ಪ್ರೋಗ್ರಾಂ ಬರೆಯುತ್ತಿದ್ದ ಜಾನ್ ಕಾರ್ಮ್ಯಾಕ್ ಇದನ್ನು ಕಂಡು, ಡೂಮ್‌ನಲ್ಲಿ ಆಟ ನಡೆಸುವ ಯಂತ್ರವನ್ನೂ ನಕ್ಷೆ, ಚಿತ್ರ, ಸದ್ದುಗಳನ್ನೂ ಬೇರೆ ಬೇರೆ ಇಟ್ಟರು. ಹೊಸ ವಾಡ್‌ನಲ್ಲಿ ನಕ್ಷೆಯೊಂದಿದ್ದರೆ ಸಾಕು; ಗೋಡೆಯ ಬಣ್ಣ, ರಾಕ್ಷಸರ ಕೂಗು ಎಲ್ಲ ಮೂಲದಿಂದ ಬರುತ್ತವೆ. ಹಳೆಯದಕ್ಕೆ ಏಟಿಲ್ಲ. ಆದರೆ ಹೊಸದನ್ನು ಆಡುವವರು ಹಳೆಯದನ್ನು ಕೊಂಡಿರಬೇಕು, ಅಷ್ಟೇ ಷರತ್ತು.

1994ರ ಜನವರಿಯಲ್ಲೇ ನ್ಯೂಜಿಲೆಂಡಿನ ಬ್ರೆಂಡನ್ ವೈಬರ್, ಬೆಲ್ಜಿಯಂನ ರಾಫೆಲ್ ಕಿನೆ ಸೇರಿ ಲೆವೆಲ್ ಕಟ್ಟುವ ಡಿಇಯು ಎಂಬ ಸಾಧನವನ್ನು ಹೊರತಂದರು. ಮಾರ್ಚಿನಲ್ಲಿ ಜೆಫ್ರಿ ಬರ್ಡ್ ಎಂಬವರ ಮೊದಲ ವಾಡ್ ಬಂತು. ಆಮೇಲೆ ಪ್ರವಾಹ. ಆಡುವವರ ಒಂದು ತಂಡ ಬಿಟ್ಟಿಯಾಗಿ ಹಂಚಲೆಂದು ಕಟ್ಟಿದ್ದ 32 ಲೆವೆಲ್‌ಗಳನ್ನು ಕಂಪನಿಯೇ ಕೊಂಡು, 1996ರಲ್ಲಿ ಫೈನಲ್ ಡೂಮ್‌ನಲ್ಲಿ ಸೇರಿಸಿ ಮಾರಿತು.

ಆಟಕ್ಕೆ ಹೊಸ ಮನೆ ಹೂಡುವ ಚಪಲ ನಮ್ಮ ನಾಡಿಗೂ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಆಟವನ್ನು ಹಿಗ್ಗಿಸಿ 360 ಎಲೆಗಳವರೆಗೆ ಒಯ್ದಿದ್ದರು. ಅವರು ಅರಸರು. ಇಲ್ಲಿ ಯಾರು ಬೇಕಾದರೂ ಹೂಡಬಹುದಿತ್ತು.

ಪೂರ್ತಿ ಆಟ ನಮಗೆ ಹೇಗೆ ಸಿಕ್ಕಿತು ಎಂದು ಬರೆಯಲು ಈಗ ನಾಚಿಕೆ. ದೊಡ್ಡಮ್ಮನ ಮಗ ಇನ್ನೊಂದು ಕಂತೆ ಫ್ಲಾಪಿ ತಂದ. ಎಲ್ಲಿಂದ ಎಂದು ನಾವು ಕೇಳಲಿಲ್ಲ. ತಿಂಗಳುಗಟ್ಟಲೆ ದುಡಿದು ಬಿಟ್ಟಿ ಕೊಟ್ಟವರು ಕೇಳಿದ್ದು ಒಂದೇ ಮಾತು, ಅದನ್ನೂ ನಾವು ನಡೆಸಲಿಲ್ಲ. ನಾನು ಡೂಮ್‌ಗೆ ದುಡ್ಡು ಕೊಟ್ಟದ್ದು ನೌಕರಿ ಸೇರಿ ಎಷ್ಟೋ ವರ್ಷಗಳ ಮೇಲೆ.

1997ರಲ್ಲಿ ನಾನೂ ಒಂದು ಲೆವೆಲ್ ಕಟ್ಟಿದೆ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ನ್ಯೂಟೌನಿನ ನಮ್ಮ ಕ್ವಾರ್ಟರ್ಸೇ ನಕ್ಷೆಯಾಯಿತು. ಗೆರೆ ಎಳೆದು ಕೋಣೆ ಮಾಡಿ, ನೆಲಕ್ಕೂ ಚಾವಣಿಗೂ ಎತ್ತರ ಕೊಡಬೇಕು. ಯಾವ ಗೋಡೆ ಮುಂದೆ, ಯಾವುದು ಹಿಂದೆ ಎಂದು ಇನ್ನೊಂದು ಪ್ರೋಗ್ರಾಂ ಲೆಕ್ಕ ಹಾಕುವಷ್ಟರಲ್ಲಿ ಕೆಳಗಿಳಿದು ಚಹಾ ಕುಡಿದು ಬರಬಹುದಿತ್ತು. ಡೂಮ್‌ನಲ್ಲಿ ಕೋಣೆಯ ಮೇಲೆ ಕೋಣೆ ನಿಲ್ಲದು, ಚಾವಣಿ ಓರೆಯಾಗದು. ಹಾಗಾಗಿ ನಮ್ಮ ಇಳಿಜಾರು ಹೆಂಚಿನ ಮಾಡು ಚಪ್ಪಟೆಯಾಯಿತು. ಅಡುಗೆಮನೆಯಲ್ಲಿ ಎರಡು ರಾಕ್ಷಸರನ್ನು ನಿಲ್ಲಿಸಿದೆ.

ಆ ಫ್ಲಾಪಿ ಬೂಸಲು ಹಿಡಿದು ಹೋಯಿತು. ಆಟ ಮಾತ್ರ ಹೋಗಲಿಲ್ಲ. 1997ರ ಡಿಸೆಂಬರಿನಲ್ಲಿ ಕಂಪನಿ ಅದರ ಮೂಲ ಪ್ರೋಗ್ರಾಂ ಅನ್ನೇ ಬಿಡುಗಡೆ ಮಾಡಿತು. ಚಿತ್ರ, ಸದ್ದುಗಳನ್ನೂ ಹೊಸದಾಗಿ ಮಾಡಿ ಫ್ರೀಡೂಮ್ ಎಂದು ಹಂಚುವವರು ಹುಟ್ಟಿಕೊಂಡರು. ಈಗ ಯಾರ ಸ್ವತ್ತನ್ನೂ ಕದಿಯದೆ ಆಡಬಹುದು.

2023ರ ಜನವರಿಯಲ್ಲಿ, 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುತ್ತಾರೆಂಬ ಸುದ್ದಿ ಬಂತು. ಅಪ್ಪ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆ ವಾರ ನಾನು ಕ್ವಾರ್ಟರ್ಸನ್ನು ನೆನಪಿನಿಂದ ಮತ್ತೆ ಕಟ್ಟಿ ಅವರ ಮುಂದಿಟ್ಟೆ.

"ಮಾಡು ಚಪ್ಪಟೆ ಮಾಡಿದೀಯಲ್ಲೋ, ಮಳೆ ನೀರು ಎಲ್ಲಿಗೆ ಹೋಗ್ಬೇಕು?" ಎಂದರು. ನಾನು ಸಮಜಾಯಿಷಿ ಕೊಡುವಷ್ಟರಲ್ಲಿ ಬೆರಳು ಪರದೆಯ ಮೇಲಿತ್ತು. "ಬಚ್ಚಲು ಬಲಗಡೆ ಅಲ್ಲ, ಎಡಗಡೆ. ಇಲ್ಲಿ ನಲ್ಲಿ. ಇಲ್ಲಿ ನಿನ್ನ ಅಮ್ಮನ ತುಳಸಿ." ಸಂಜೆಯವರೆಗೆ ಗೋಡೆಗಳನ್ನು ಸರಿಸಿದೆವು. ಅಡುಗೆಮನೆಯ ರಾಕ್ಷಸರನ್ನು ತೆಗೆಸಿದರು.

ಕೊನೆಗೆ ಜೊತೆಯ ಫೈಲು ತುಂಬಿಸಿದೆ. ಮಾಡಿದವರು: ಇಬ್ಬರ ಹೆಸರು. ಬೇರೆಯವರು ಇದರ ಮೇಲೆ ಕಟ್ಟಬಹುದೇ ಎಂಬ ಸಾಲನ್ನು ಅಪ್ಪನಿಗೆ ಓದಿ ಹೇಳಿದೆ.

"ಕಟ್ಲಿ ಬಿಡು. ಬಚ್ಚಲು ಮಾತ್ರ ಎಡಗಡೆಗೇ ಇರ್ಲಿ ಅಂತ ಬರಿ" ಎಂದರು. ಹಾಗೆಯೇ ಬರೆದಿದ್ದೇನೆ.